ಮುದ್ರಣಪೂರ್ವ ಪ್ರತಿಗಳ ಚರಿತ್ರೆ: ಬೀಗ ಹಾಕಿದ ಅಕ್ಷರಗಳಿಂದ ತೆರೆದ ಭಂಡಾರದವರೆಗೆ

ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1676ರಲ್ಲಿ ತನ್ನ ಪುಸ್ತಕವೊಂದರಲ್ಲಿ ಮೇಲುನೋಟಕ್ಕೆ ಅರ್ಥವೇ ಇಲ್ಲದ 14 ಅಕ್ಷರಗಳ ಸಾಲೊಂದನ್ನು ಅಚ್ಚುಹಾಕಿಸಿದನು. ಸ್ಥಿತಿಸ್ಥಾಪಕ ವಸ್ತುವಿನ ಹಿಗ್ಗುವಿಕೆ ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದು, ಆ ವಾಕ್ಯದ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿದ್ದನು. ಒಗಟನ್ನು ಬಿಡಿಸಿ ಹೇಳಿದ್ದು 1678ರಲ್ಲಿ. ಶನಿ ಮತ್ತು ಶುಕ್ರಗ್ರಹಗಳನ್ನು ಕುರಿತ ತನ್ನ ಶೋಧಗಳನ್ನು ಗೆಲಿಲಿಯೋ ಸಹ 1610ರಲ್ಲಿ ಇದೇ ರೀತಿ ಮರೆಮಾಡಿದ್ದನು. ಶೋಧ ತನ್ನದೆಂಬುದು ದಾಖಲಾಗಬೇಕು, ಆದರೆ ಶೋಧ ಇನ್ನೊಬ್ಬರ ಕೈಸೇರಬಾರದು ಎಂಬ ಇಬ್ಬಗೆಯ ಅಗತ್ಯದಿಂದ ಹುಟ್ಟಿದ ಉಪಾಯವಿದು. ವಿಜ್ಞಾನಿಗಳು ತಮ್ಮ ಕೆಲಸವನ್ನು ಮುಕ್ತವಾಗಿ ಹಂಚಿಕೊಳ್ಳತೊಡಗಿದ ಚರಿತ್ರೆಯನ್ನು ಔದಾರ್ಯದ ಕಥೆಯೆಂದು ಹೇಳುವ ವಾಡಿಕೆಯಿದೆ. ಅದರಲ್ಲಿ ಔದಾರ್ಯಕ್ಕಿಂತ ಹೆಚ್ಚಾಗಿ ಕಾಣುವುದು ಈ ಹಳೆಯ ಅಗತ್ಯವೇ.

1665ರಲ್ಲಿ ಲಂಡನ್ನಿನಲ್ಲಿ ಆರಂಭವಾದ 'ಫಿಲಾಸಾಫಿಕಲ್ ಟ್ರಾನ್ಸಾಕ್ಷನ್ಸ್' ಮೊದಲಾದ ನಿಯತಕಾಲಿಕೆಗಳು ಶೋಧಕ್ಕೆ ಒಂದು ದಿನಾಂಕವನ್ನು ಒದಗಿಸಿ ಈ ಬಿಕ್ಕಟ್ಟನ್ನು ಬಹುಮಟ್ಟಿಗೆ ನಿವಾರಿಸಿದವು. ಆದರೆ ಇಪ್ಪತ್ತನೆಯ ಶತಮಾನದ ನಡುಭಾಗದ ವೇಳೆಗೆ ಪ್ರಬಂಧವೊಂದು ಪರಿಶೀಲನೆ ಮುಗಿಸಿ ಅಚ್ಚಾಗಲು ತಿಂಗಳುಗಳೇ ಹಿಡಿಯುತ್ತಿದ್ದವು. ಆದ್ದರಿಂದ ಸಂಶೋಧಕರು ಟೈಪುಮಾಡಿದ ಪ್ರತಿಗಳನ್ನು ಪರಿಚಿತರಿಗೆ ಅಂಚೆಯಲ್ಲಿ ಕಳುಹಿಸತೊಡಗಿದರು. 'ಪ್ರೀಪ್ರಿಂಟ್' ಎಂಬ ಹೆಸರಿನ ಈ ಮುದ್ರಣಪೂರ್ವ ಪ್ರತಿಗಳ ವಿತರಣೆಯನ್ನು ವ್ಯವಸ್ಥಿತಗೊಳಿಸಲು ಮೊದಲ ದೊಡ್ಡ ಪ್ರಯತ್ನ ನಡೆದದ್ದು ಭೌತವಿಜ್ಞಾನದಲ್ಲಲ್ಲ, ಜೀವವಿಜ್ಞಾನದಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 1961ರಲ್ಲಿ ಮಾಹಿತಿ ವಿನಿಮಯ ಗುಂಪುಗಳನ್ನು ಸ್ಥಾಪಿಸಿತು. ಸದಸ್ಯರು ಕಳುಹಿಸಿದ ಬರಹವನ್ನು ಸಂಸ್ಥೆಯೇ ಪ್ರತಿಮಾಡಿ ಉಳಿದವರೆಲ್ಲರಿಗೂ ರವಾನಿಸುತ್ತಿತ್ತು. ಕೆಲವೇ ವರ್ಷಗಳಲ್ಲಿ ಸದಸ್ಯರ ಸಂಖ್ಯೆ 3,600ನ್ನು ಮೀರಿತು. ಸುಮಾರು 2,500 ಬರಹಗಳು ಹಂಚಿಕೆಯಾದವು. ಹೀಗೆ ಹಂಚಿದ ಬರಹಗಳನ್ನು ಸ್ವೀಕರಿಸುವುದಿಲ್ಲವೆಂದು 1966ರಲ್ಲಿ ಜೀವರಸಾಯನ ಪತ್ರಿಕೆಗಳ ಸಂಪಾದಕರು ತೀರ್ಮಾನಿಸಿದರು. 1967ರಲ್ಲಿ ಯೋಜನೆ ನಿಂತುಹೋಯಿತು. ಅದನ್ನು ಸೋಲಿಸಿದ್ದು ಯಂತ್ರದ ಕೊರತೆಯಲ್ಲ, ಪತ್ರಿಕೆಗಳ ಅಧಿಕಾರ. ಜೀವವಿಜ್ಞಾನಿಗಳು ಈ ಹಾದಿಗೆ ಪೂರ್ಣವಾಗಿ ಮರಳಲು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು.

ಕಣಭೌತವಿಜ್ಞಾನಿಗಳು ಇಂಥ ಕೇಂದ್ರೀಯ ಯೋಜನೆಯಿಲ್ಲದೆ ಅಂಚೆಯನ್ನೇ ನೆಚ್ಚಿ ಮುಂದುವರಿದರು. ಆ ಅಂಚೆಯಲ್ಲಿ ಸಮಾನತೆಯಿರಲಿಲ್ಲ. ಪ್ರಿನ್ಸ್‌ಟನ್ನಿನವರ ಕೈಗೆ ಮೊದಲ ವಾರದಲ್ಲೇ ಸೇರುತ್ತಿದ್ದ ಪ್ರತಿ ಹಡಗಿನ ಅಂಚೆಯಲ್ಲಿ ಭಾರತಕ್ಕೆ ಬರಲು ತಿಂಗಳುಗಳಾಗುತ್ತಿದ್ದವು. ಲೇಖಕರ ಪರಿಚಯವಿಲ್ಲದ ಸಂಸ್ಥೆಗಳಿಗೆ ಅದು ಬರುತ್ತಲೇ ಇರಲಿಲ್ಲ. ಗಣಿತದ ಅಚ್ಚುಜೋಡಣೆಗೆಂದು ಡೊನಾಲ್ಡ್ ಕ್ನೂತ್ ರೂಪಿಸಿ ಉಚಿತವಾಗಿ ನೀಡಿದ 'ಟೆಕ್' ತಂತ್ರಾಂಶವು 1980ರ ದಶಕದಲ್ಲಿ ಬಳಕೆಗೆ ಬಂದಾಗ, ಸಮೀಕರಣಗಳಿಂದ ತುಂಬಿದ ಪ್ರಬಂಧವನ್ನೂ ಸರಳ ಪಠ್ಯವಾಗಿ ಇ-ಮೇಲ್‌ನಲ್ಲಿ ಕಳುಹಿಸುವುದು ಸಾಧ್ಯವಾಯಿತು. ಜೋಆನ್ ಕೋನ್ ಎಂಬ ಯುವ ಭೌತವಿಜ್ಞಾನಿ ತಂತು ಸಿದ್ಧಾಂತದ ಪ್ರಬಂಧಗಳನ್ನು ಹೀಗೆ ಸಹೋದ್ಯೋಗಿಗಳಿಗೆ ಹಂಚುತ್ತಿದ್ದರು.

ಮುಂದಿನ ತಿರುವಿಗೆ ಒಬ್ಬ ಭಾರತೀಯ ವಿಜ್ಞಾನಿಯ ಮಾತು ನಿಮಿತ್ತವಾಯಿತು. 1991ರ ಬೇಸಗೆಯಲ್ಲಿ ಕೊಲರಾಡೋ ಪ್ರಾಂತದ ಆಸ್ಪೆನ್‌ನಲ್ಲಿ ಭೌತವಿಜ್ಞಾನಿಗಳು ಸೇರಿದ್ದರು. ಪ್ರವಾಸದಲ್ಲಿರುವಾಗ ಬಂದುಬೀಳುವ ಪ್ರಬಂಧಗಳಿಂದ ಕಂಪ್ಯೂಟರಿನಲ್ಲಿ ತನಗೆ ಮೀಸಲಾದ ಜಾಗವೆಲ್ಲ ತುಂಬಿಹೋಗುತ್ತದೆ ಎಂದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸ್ಪೆಂತಾ ವಾಡಿಯಾ ಅಲ್ಲಿ ಆತಂಕ ತೋಡಿಕೊಂಡರು. ಪ್ರಬಂಧಗಳು ಒಂದೆಡೆ ಇರಲಿ, ಬೇಕಾದವರು ಬೇಕಾದದ್ದನ್ನು ತರಿಸಿಕೊಳ್ಳಲಿ ಎಂಬ ಪರಿಹಾರ ಪಾಲ್ ಗಿನ್ಸ್‌ಪಾರ್ಗ್ ಅವರಿಗೆ ಹೊಳೆಯಿತು. ಆಗಸ್ಟ್ 14ರಂದು ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಆ ಭಂಡಾರ ಕೆಲಸ ಆರಂಭಿಸಿತು. ವರ್ಷಕ್ಕೆ ನೂರು ಪ್ರಬಂಧಗಳನ್ನು ನಿರೀಕ್ಷಿಸಲಾಗಿತ್ತು. ಮೊದಲ ಆರು ತಿಂಗಳಲ್ಲೇ ಸುಮಾರು 400 ಬಂದವು. ಮುಂದೆ 'ಆರ್ಕೈವ್' ಎಂದು ಹೆಸರಾದ ಈ ಭಂಡಾರದ ಸಂಗ್ರಹ 2022ರ ಆರಂಭದಲ್ಲಿ 20 ಲಕ್ಷವನ್ನು ಮುಟ್ಟಿತು. ವಾಡಿಯಾ ಅವರು ಮುಂದೆ 2007ರಲ್ಲಿ ಸ್ಥಾಪನೆಯಾದ, ಈಗ ಬೆಂಗಳೂರಿನ ಹೊರವಲಯದ ಶಿವಕೋಟೆಯಲ್ಲಿರುವ ಅಂತಾರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರದ ಸ್ಥಾಪಕ ನಿರ್ದೇಶಕರಾದರು.

ಇಲ್ಲಿ ಪ್ರಬಂಧದ ಮೇಲೆ ಬೀಳುತ್ತಿದ್ದ ದಿನಾಂಕದ ಗುರುತು ಗಮನಾರ್ಹ. ಹುಕ್‌ನಿಗೆ ಅಕ್ಷರಗಳ ಬೀಗ ಒದಗಿಸಿದ ರಕ್ಷಣೆಯನ್ನು ಈಗ ಬೀಗವಿಲ್ಲದಿರುವುದೇ ಒದಗಿಸಿತು: ಮೊದಲು ತೆರೆದಿಟ್ಟವರೇ ಮೊದಲಿಗರು. ದಿನಾಂಕ ದೊರೆತಷ್ಟು ಸುಲಭವಾಗಿ ಪರಿಶೀಲನೆ ದೊರೆಯುವುದಿಲ್ಲ ಎಂಬುದೂ ನಿಜ. ಆದರೆ ಓದುಗರು ಸಮರ್ಥರಿದ್ದಲ್ಲಿ ಅದೂ ಅಷ್ಟೇ ಶೀಘ್ರವಾಗಿ ನಡೆದ ನಿದರ್ಶನ ಭಾರತದ್ದೇ ಇದೆ. 2002ರ ಆಗಸ್ಟ್‌ನಲ್ಲಿ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅವರು ಅವಿಭಾಜ್ಯ ಸಂಖ್ಯೆಗಳನ್ನು ಶೀಘ್ರವಾಗಿ ಗುರುತಿಸುವ ವಿಧಾನವನ್ನು ಭಂಡಾರಕ್ಕೂ ಅಲ್ಲ, ತಮ್ಮ ಸಂಸ್ಥೆಯ ಜಾಲತಾಣದಲ್ಲೇ ಇರಿಸಿದರು. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಪದವಿ ಮುಗಿಸಿದ್ದರು. ಜಗತ್ತಿನ ಗಣಿತಜ್ಞರು ದಿನಗಳಲ್ಲೇ ಅದನ್ನು ಪರಿಶೀಲಿಸಿ ಒಪ್ಪಿದರು. ಹೆಂಡ್ರಿಕ್ ಲೆನ್‌ಸ್ಟ್ರಾ ಸಾಧನೆಯನ್ನು ಇನ್ನಷ್ಟು ಸರಳಗೊಳಿಸಿದರು. 2004ರಲ್ಲಿ 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಪತ್ರಿಕೆಯಲ್ಲಿ ಅಚ್ಚಾದ ಪ್ರಬಂಧದಲ್ಲಿ ಆ ಸರಳೀಕರಣವೂ ಸೇರಿತ್ತು. ಅದೇ 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಸೌತಾಂಪ್ಟನ್ ವಿಶ್ವವಿದ್ಯಾಲಯದ ಮುಕ್ತ ತಂತ್ರಾಂಶವನ್ನು ಬಳಸಿ ತನ್ನ ಸಂಶೋಧಕರ ಪ್ರಬಂಧಗಳ ಭಂಡಾರವನ್ನು ಸ್ಥಾಪಿಸಿತು.

ಜೀವವಿಜ್ಞಾನಕ್ಕೆ ಇಂಥ ಭಂಡಾರ 'ಬಯೋಆರ್ಕೈವ್' ಹೆಸರಿನಲ್ಲಿ ದೊರೆತದ್ದು 2013ರಲ್ಲಿ. ಅದರ ಕಠಿಣ ಪರೀಕ್ಷೆ ನಡೆದದ್ದು ಕೊರೊನಾ ಪಿಡುಗಿನ ಆರಂಭದಲ್ಲಿ. ಹೊಸ ವೈರಸ್ಸಿಗೂ ಎಚ್‌ಐವಿಗೂ ಅಸಹಜ ಸಾಮ್ಯವಿದೆಯೆಂದು ಸೂಚಿಸಿದ ದೆಹಲಿಯ ಸಂಶೋಧಕರ ಪ್ರಬಂಧವೊಂದು 2020ರ ಜನವರಿ 31ರಂದು ಅಲ್ಲಿ ಕಾಣಿಸಿಕೊಂಡಿತು. ವದಂತಿ ಹಬ್ಬಿದಷ್ಟೇ ವೇಗವಾಗಿ ತಜ್ಞರ ಆಕ್ಷೇಪಗಳೂ ಬಂದವು; ಎರಡೇ ದಿನಗಳಲ್ಲಿ ಲೇಖಕರು ಅದನ್ನು ಹಿಂಪಡೆದರು. ಆದರೆ ಭಂಡಾರದಿಂದ ಅದು ಅಳಿದುಹೋಗಲಿಲ್ಲ. ಅದರ ಮೊದಲ ಪಾಠ, ಹಿಂಪಡೆಯಲಾಗಿದೆ ಎಂಬ ಗುರುತಿನೊಡನೆ, ತನ್ನ ದಿನಾಂಕವನ್ನು ಹೊತ್ತು ಅಲ್ಲಿಯೇ ಉಳಿಯಿತು.