ಒಂದೇ ಪ್ರತಿ, ಊರಿಗೆಲ್ಲ: ಫೋನಿನವರೆಗೆ ಬಾರದ ದಾರಿಯ ಕಥೆ

ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ತೇರನ್ನು ಈಗ ಊರಲ್ಲೇ ಕುಳಿತು ಫೋನಿನಲ್ಲಿ ನೇರವಾಗಿ ನೋಡುತ್ತೇವೆ. ಒಂದೇ ಓಣಿಯ 40 ಮಂದಿ ನೋಡಿದರೆ ಅದೇ ಚಿತ್ರದ 40 ಪ್ರತಿಗಳು ಬೇರೆ ಬೇರೆಯಾಗಿ ಟವರಿಗೆ ಬರುತ್ತವೆ. ಪರದೆಯ ಮೇಲೆ ತೇರು ನಡುನಡುವೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಒಂದೇ ಪ್ರತಿಯನ್ನು ಎಲ್ಲರಿಗೂ ಮುಟ್ಟಿಸುವುದು ನಮ್ಮ ಭಾಗಕ್ಕೆ ಹೊಸದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೋ ಮತ್ತು ನಾಸಾ ಸೇರಿ 'ಸೈಟ್' ಪ್ರಯೋಗ ನಡೆಸಿದವು. ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದ ಪಾಲಿಗೆ ಆಯ್ಕೆಯಾದದ್ದು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ನಮ್ಮ ಬಾಗಲಕೋಟೆ 1997ರವರೆಗೆ ವಿಜಾಪುರ ಜಿಲ್ಲೆಯಲ್ಲೇ ಇತ್ತು. ಎಷ್ಟು ಹಳ್ಳಿ ನೋಡಿದರೂ ಉಪಗ್ರಹಕ್ಕೆ ಹೊರೆ ಹೆಚ್ಚುತ್ತಿರಲಿಲ್ಲ.

ಕಂಪ್ಯೂಟರ್ ಜಾಲದಲ್ಲಿ ಇಂಥದೇ ದಾರಿ ಹುಡುಕಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀವ್ ಡೀರಿಂಗ್. ಅವರ ನಿಯಮಾವಳಿ 1989ರಲ್ಲಿ ಹೊರಬಂತು. ಹೆಸರು ಮಲ್ಟಿಕಾಸ್ಟ್. ಡಂಗುರದವರು ಮನೆಮನೆಯ ಬಾಗಿಲು ಬಡಿಯುವುದಿಲ್ಲ, ಓಣಿಗೊಮ್ಮೆ ಸಾರುತ್ತಾರೆ. ಇದೂ ಹಾಗೆಯೇ: ಮೂಲದಿಂದ ಒಂದೇ ಪ್ರತಿ ಹೊರಡುತ್ತದೆ, ದಾರಿ ಕವಲೊಡೆದಲ್ಲಿ ಮಾತ್ರ ರೂಟರ್ ನಕಲು ಮಾಡುತ್ತದೆ. ಕೇಳುವವರಿಲ್ಲದ ಕಡೆಗೆ ಕಳಿಸುವುದೇ ಇಲ್ಲ.

1992ರ ಮಾರ್ಚ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಡೆದ ಸಭೆಯ ಮಾತು ಹೀಗೆ 20 ಕಡೆ ಕೇಳಿಸಿತು. ಆಗಿನ ಹೆಚ್ಚಿನ ರೂಟರ್‌ಗಳಿಗೆ ಈ ವಿದ್ಯೆ ಗೊತ್ತಿರಲಿಲ್ಲ. ಹಾಗಾಗಿ ಕಂಪ್ಯೂಟರುಗಳಲ್ಲಿ 'ಎಂರೂಟೆಡ್' ಎಂಬ ತಂತ್ರಾಂಶ ಓಡಿಸಿ ಅವನ್ನೇ ರೂಟರ್ ಮಾಡಿಕೊಂಡರು. ಮುಂದೆ ಲಿನಕ್ಸ್‌ಗೂ ಇದು ಬಂತು. ಲಿನಕ್ಸ್‌ನ ಒಡಲಾದ ಕರ್ನಲ್ ನಕಲು ಮಾಡಿ ಸಾಗಿಸುತ್ತದೆ. ಎಲ್ಲಿಗೆ ಎಂದು ಹೇಳುವುದು ತಂತ್ರಾಂಶದ ಕೆಲಸ. ಎಂರೂಟೆಡ್ ಮತ್ತು ಪಿಮ್‌ಡಿ ನೆರೆಯ ರೂಟರ್‌ಗಳನ್ನು ವಿಚಾರಿಸಿ ದಾರಿ ಗೊತ್ತುಮಾಡುತ್ತವೆ. ಎಸ್‌ಎಂಸಿರೂಟ್‌ಗೆ ದಾರಿಯನ್ನು ನಾವೇ ಬರೆದುಕೊಡಬೇಕು. ಮೂರೂ ಉಚಿತ.

ಆದರೂ ನಮ್ಮ ಫೋನಿಗೆ ಏಕೆ ಬರಲಿಲ್ಲ? ನಡುವಿನ ಎಲ್ಲ ಕಂಪನಿಗಳ ರೂಟರ್‌ಗಳೂ ಕೈಜೋಡಿಸಬೇಕು, ಯಾವ ಗುಂಪಿಗೆ ಯಾವ ಕಡೆ ಕೇಳುಗರಿದ್ದಾರೆಂದು ಲೆಕ್ಕ ಇಡಬೇಕು. ಅದರ ಖರ್ಚನ್ನು ಯಾರು ಯಾರಿಗೆ ಕೊಡಬೇಕೆಂಬುದು ಬಗೆಹರಿಯಲಿಲ್ಲ. ಕಂಪನಿಗಳು ನೋಡುಗರಿಗೆ ಹತ್ತಿರದಲ್ಲಿ ಪ್ರತಿ ಇಡುವ ಸರ್ವರ್‌ಗಳನ್ನೇ ನೆಚ್ಚಿಕೊಂಡವು. ಮಲ್ಟಿಕಾಸ್ಟ್ ಹೆಚ್ಚಾಗಿ ಒಬ್ಬರೇ ಒಡೆಯರಿರುವ ಜಾಲಗಳಲ್ಲಿ ಉಳಿಯಿತು.

ನಿಮ್ಮೂರ ಕಾಲೇಜಿನ ಒಳಜಾಲವೂ ಅಂಥದೇ. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಒಂದು ಪಾಠವನ್ನು ಎಲ್ಲ ಕೋಣೆಗಳಿಗೂ ಒಂದೇ ಪ್ರತಿಯಲ್ಲಿ ಮುಟ್ಟಿಸಬಹುದು. ಇದಕ್ಕೆ ವೈಫೈಗಿಂತ ಕೇಬಲ್ ಲೇಸು. ಕಂಪ್ಯೂಟರ್ ಕಲಿಸುವ ಮೇಷ್ಟ್ರನ್ನೊಮ್ಮೆ ಕೇಳಿ ನೋಡಿ.