ಮೂಗಿನ ದಾರಿಯನ್ನು ಮುಚ್ಚಿದ ಬಗೆ: ಅತಿನಾಸಿಕ ಮಾತಿನ ಚಿಕಿತ್ಸೆಯ ಚರಿತ್ರೆ ಮತ್ತು ಕನ್ನಡದ ಧ್ವನಿವ್ಯವಸ್ಥೆ

ದಾವಣಗೆರೆಯ ಮಂಡಿಪೇಟೆಯಲ್ಲಿ ‘ಬತ್ತ’ ಎಂಬುದು ಸರಕಿನ ಹೆಸರು. ‘ಮತ್ತ’ ಎಂದರೆ ಅಲ್ಲಿನ ಆಡುಮಾತಿನಲ್ಲಿ ‘ಪುನಃ’. ಮೃದುತಾಲು ಗಂಟಲಿನ ಹಿಂಗೋಡೆಯನ್ನು ಮುಟ್ಟದವರ ಬಾಯಲ್ಲಿ ಇವೆರಡೂ ಒಂದಾಗಿಬಿಡುತ್ತವೆ. ಬರ ಮರವಾಗುತ್ತದೆ, ಬಾವ ಮಾವನಾಗುತ್ತಾನೆ. ಬರಹದ ಮಹಾಪ್ರಾಣಗಳು ಆಡುಮಾತಿನಲ್ಲಿ ಉಳಿಯದ ಕಾರಣ ಭತ್ತ, ಭಾವ ಮೊದಲಾದ ಪದಗಳೂ ಬಕಾರಕ್ಕೇ ಬಂದು ಸೇರಿ ಅದರ ಹೊರೆಯನ್ನು ಹೆಚ್ಚಿಸಿವೆ. ಕನ್ನಡದಲ್ಲಿ ಅನುನಾಸಿಕ ಸ್ವರಗಳು ಪ್ರತ್ಯೇಕ ಧ್ವನಿಮಾಗಳಲ್ಲವಾದ್ದರಿಂದ ಸ್ವರಕ್ಕೆ ಮೂಗು ಸೇರಿದರೆ ಅರ್ಥ ಕೆಡುವುದಿಲ್ಲ. ಪೆಟ್ಟು ಬೀಳುವುದು ಘೋಷ ಸ್ಪರ್ಶಗಳ ಮೇಲೆ.

ಈ ತೊಡಕನ್ನು ನಮ್ಮ ಪರಂಪರೆ ಎರಡು ಕಡೆಗಳಿಂದ ಗಮನಿಸಿತ್ತು. ಬಾಯಿ ಮತ್ತು ಮೂಗು ಎರಡರಿಂದಲೂ ಹೊರಡುವ ವರ್ಣವನ್ನು ಪಾಣಿನಿ ಅನುನಾಸಿಕವೆಂದು ವಿಧಿಸಿದನು, ಅದು ವ್ಯಾಕರಣ. ಸುಶ್ರುತಸಂಹಿತೆಯ ನಿದಾನಸ್ಥಾನವು ಮೂಕ ಮತ್ತು ಗದ್ಗದರ ಜೊತೆಗೆ ‘ಮಿನ್ಮಿನ’ನನ್ನೂ ಹೆಸರಿಸಿ, ಶಬ್ದವಾಹಿನಿಗಳನ್ನು ಆವರಿಸಿದ ಕಫಯುಕ್ತ ವಾತವೇ ಕಾರಣವೆಂದಿತು, ಅದು ವೈದ್ಯ. ಕಾರಣ ಇಂದು ನಿಲ್ಲದು, ವಿಂಗಡಣೆ ನಿಲ್ಲುತ್ತದೆ. ಮೂಗಿನಲ್ಲಿ ಮಾತನಾಡುವವನು ಮೂಕನಲ್ಲ ಎಂಬ ಭೇದ ಅಲ್ಲಿದೆ. ಕನ್ನಡದ ಜನಬಳಕೆಯಲ್ಲಿ ‘ಮೂಗ’ (ಮೂಕದ ತದ್ಭವ) ಮತ್ತು ‘ಮೂಗು’ ಪರಸ್ಪರ ಸಂಬಂಧವಿಲ್ಲದ ಪದಗಳಾದರೂ ಕಿವಿಗೆ ಒಂದೇ ಬೇರಿನವೆನಿಸಿ ಆ ಭೇದವನ್ನು ಮಸುಕಾಗಿಸುತ್ತವೆ.

ಯುರೋಪಿನಲ್ಲಿ ಚಿಕಿತ್ಸೆ ಹುಟ್ಟಿದ್ದು ಶಸ್ತ್ರವೈದ್ಯರ ಕೈಯಲ್ಲಿ. 16ನೆಯ ಶತಮಾನದಲ್ಲಿ ಆಂಬ್ರಾಸ್ ಪಾರೆ ತಾಲುವಿನ ರಂಧ್ರಕ್ಕೆ ಲೋಹದ ತಗಡನ್ನು ಸ್ಪಂಜಿನಿಂದ ಹಿಡಿಸಿ ಕೂರಿಸಿದನು. ಅದು ಕೇವಲ ಮುಚ್ಚಳ. ನಿಜವಾದ ವಾಗ್ವಾದ ಆರಂಭವಾದದ್ದು 19ನೆಯ ಶತಮಾನದಲ್ಲಿ. ನ್ಯೂಯಾರ್ಕಿನ ದಂತವೈದ್ಯ ನಾರ್ಮನ್ ಕಿಂಗ್ಸ್‌ಲಿ ಮೆತ್ತನೆಯ ರಬ್ಬರಿನಿಂದ ಕೃತಕ ಮೃದುತಾಲುವನ್ನೇ ಮಾಡಿದನು. ತಾಲು ಚಲಿಸಬೇಕು, ಆದ್ದರಿಂದ ಸಾಧನವೂ ಬಾಗಬೇಕು ಎಂಬುದು ಅವನ ನಿಲುವು. ಬರ್ಲಿನ್ನಿನ ಸ್ಯೂರ್ಸೆನ್ 1867ರಲ್ಲಿ ಇದನ್ನು ತಿರುಗಿಸಿ ಹಾಕಿದನು. ಸಾಧನ ಗಟ್ಟಿಯಾಗಿ ನಿಂತಿರಲಿ, ಗಂಟಲಿನ ಗೋಡೆಗಳೇ ಸಂಕುಚಿಸಿ ಅದನ್ನು ಮುಟ್ಟಲಿ ಎಂದನು. ಉಳಿದದ್ದು ಈ ಎರಡನೆಯ ತತ್ತ್ವ. ಇಂದಿನ ಸ್ಪೀಚ್ ಬಲ್ಬ್ ಅದರ ಸಂತತಿ: ಹಲ್ಲುಗಳಿಗೆ ಕೊಕ್ಕೆ ಹಾಕಿದ ಅಕ್ರಿಲಿಕ್ ತಟ್ಟೆ, ಹಿಂದಕ್ಕೊಂದು ಬಾಲ, ತುದಿಯಲ್ಲಿ ಗುಂಡು. ರೋಗಿ ನುಂಗುತ್ತ, ತಲೆ ಆಡಿಸುತ್ತ, ಮಾತನಾಡುತ್ತ ಇರುವಾಗಲೇ ಮೆತ್ತಗಾದ ವಸ್ತುವಿನಲ್ಲಿ ಗುಂಡಿನ ಆಕಾರ ಮೂಡುತ್ತದೆ. ಅಂದರೆ ಅಚ್ಚು ತೆಗೆಯುವುದು ಅಂಗದ್ದಲ್ಲ, ಉಚ್ಚಾರಣೆಯದ್ದು. ತಾಲು ಉದ್ದವಿದ್ದೂ ಏಳದಿರುವ ಪಾರ್ಶ್ವವಾಯು ಪ್ರಸಂಗಗಳಿಗಾಗಿ ಗಿಬ್ಬನ್ಸ್ ಮತ್ತು ಬ್ಲೂಮರ್ 1958ರಲ್ಲಿ ತಾಲುವನ್ನು ಎತ್ತಿ ಹಿಡಿಯುವ ಸಾಧನವನ್ನು ವರ್ಣಿಸಿದರು.

ಸಾಧನ ದಾರಿಯನ್ನು ಮುಚ್ಚುತ್ತದೆ, ಅಭ್ಯಾಸವನ್ನಲ್ಲ. ಪ, ಟ, ಕಗಳಿಗೆ ಬೇಕಾದ ಒತ್ತಡ ಸಿಗದೆ ಬೆಳೆದ ಮಗು ಅವುಗಳ ಬದಲು ಕಂಠದಲ್ಲೇ ಗಾಳಿಯನ್ನು ತಡೆಯಲು ಕಲಿತಿರುತ್ತದೆ. ಅದನ್ನು ಬಿಡಿಸುವುದು ವಾಕ್‌ಚಿಕಿತ್ಸಕರ ಕೆಲಸ. ಒಂದು ಕಾಲದಲ್ಲಿ ಊದುವ ವ್ಯಾಯಾಮವನ್ನೇ ನೆಚ್ಚಿದ್ದರು. ಊದುವಾಗಿನ ಮುಚ್ಚುವಿಕೆ ಮಾತಿನ ಮುಚ್ಚುವಿಕೆಯಲ್ಲವೆಂದು ತಿಳಿಯಲು ದಶಕಗಳು ಹಿಡಿದವು.

ಕರ್ನಾಟಕದಲ್ಲಿ ಈ ಎರಡು ವಿದ್ಯೆಗಳು ಬೇರೆ ಬೇರೆ ಊರುಗಳಲ್ಲಿ ಬೇರೂರಿದವು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1966ರಿಂದ ಮೈಸೂರಿನಲ್ಲಿದೆ. ದಾವಣಗೆರೆಯಲ್ಲಿ ಬಾಪೂಜಿ ದಂತವೈದ್ಯಕೀಯ ಕಾಲೇಜು 1979ರಲ್ಲಿ ಆರಂಭವಾಯಿತು. ನಗರದಲ್ಲಿ ಇನ್ನೊಂದು ದಂತವೈದ್ಯಕೀಯ ಕಾಲೇಜೂ ಇದೆ. ಹರಿಹರದ ರೋಗಿಗೆ ಸಾಧನವನ್ನು ರೂಪಿಸಬಲ್ಲ ಕೈ ಹತ್ತಿರದಲ್ಲೇ ಇದೆ. ಆದರೆ ಸಾಧನ ಕೂತಿತೇ ಎಂದು ಯಾವ ವಾಕ್ಯದಿಂದ ಪರೀಕ್ಷಿಸಬೇಕು?

ಇಲ್ಲಿ ಭಾಷಾವಿಜ್ಞಾನಿಯ ಪಾಲು ಬಾಕಿಯಿದೆ. ಸ್ಯಾಮ್ಯುಯೆಲ್ ಫ್ಲೆಚರ್ 1970ರಲ್ಲಿ ಪರಿಚಯಿಸಿದ ಮಾಪನವು ಮೂಗಿನ ಧ್ವನಿಶಕ್ತಿಯನ್ನು ಬಾಯಿ ಮತ್ತು ಮೂಗಿನ ಒಟ್ಟು ಶಕ್ತಿಯಿಂದ ಭಾಗಿಸುತ್ತದೆ. ಅದಕ್ಕೆ ಅನುನಾಸಿಕವೇ ಇಲ್ಲದ ಪಾಠ ಬೇಕು. ಇಂಗ್ಲಿಷಿನಲ್ಲಿ ಅಂಥ ಗದ್ಯ ಸಹಜವಾಗಿ ಓದಿಸಿಕೊಳ್ಳುತ್ತದೆ. ಕನ್ನಡದಲ್ಲಿ ದ್ವಿತೀಯೆಯ ‘ಅನ್ನು’, ತೃತೀಯೆಯ ‘ಇಂದ’, ಷಷ್ಠಿಯ ‘ಇನ’, ಜೊತೆಗೆ ನಾನು, ನೀನು, ಅವನು — ವ್ಯಾಕರಣವೇ ಮೂಗಿನ ದಾರಿಯಲ್ಲಿ ನಡೆಯುತ್ತದೆ. ಅನುವಾದಿತ ಪಾಠದಲ್ಲಿ ಇವನ್ನು ಕಿತ್ತುಹಾಕಿದರೆ ಉಳಿಯುವುದು ಯಾರೂ ಆಡದ ಕನ್ನಡ. ಚತುರ್ಥಿ, ಸಪ್ತಮಿ, ವಿಧ್ಯರ್ಥ ಮತ್ತು ‘ಹೋದ’, ‘ಬಿದ್ದ’ ಬಗೆಯ ಭೂತರೂಪಗಳಿಂದಲೇ, ಊರಿನ ಮಾತಿನಿಂದಲೇ ಅದನ್ನು ಕಟ್ಟಬೇಕಾಗುತ್ತದೆ. ‘ಬತ್ತದ ಗಾಡಿ ಪೇಟೆಗೆ ಹೋಗಲಿ’ ಎಂಬಲ್ಲಿ ಒಂದೂ ಅನುನಾಸಿಕವಿಲ್ಲ. ಪೇಟೆಯ ಪೂರ್ಣ ಹೆಸರನ್ನು ಸೇರಿಸಿದೊಡನೆ ಪಾಠ ಕೆಡುತ್ತದೆ.