ಜೈತೂನ್: ಆಲಿವ್ ಬೆಳೆಯದ ಊರಿನ ಹೆಸರು

ಸ್ಥಳನಾಮಗಳ ಅಧ್ಯಯನದಲ್ಲಿ ಧ್ವನಿಸಾಮ್ಯವು ದಾರಿ ತೋರುವುದೂ ಉಂಟು, ದಾರಿ ತಪ್ಪಿಸುವುದೂ ಉಂಟು. ಚೀನಾದ ಫೂಜಿಯಾನ್ ಪ್ರಾಂತದ ಪ್ರಾಚೀನ ಬಂದರು ಚ್ವಾನ್‌ಜೋ ಇವೆರಡಕ್ಕೂ ನಿದರ್ಶನವಾಗಿದೆ.

ಚೀನೀ ಭಾಷೆಯಲ್ಲಿ ‘ಚ್ವಾನ್’ ಎಂದರೆ ಚಿಲುಮೆ, ‘ಜೋ’ ಎಂದರೆ ಆಡಳಿತ ವಿಭಾಗ. ಈ ಹೆಸರು ಮೊದಲು ಇಂದಿನ ಫೂಜೋ ನಗರಕ್ಕಿದ್ದು, ಕ್ರಿ.ಶ. 711ರಲ್ಲಿ ಈ ಊರಿಗೆ ಬಂದಿತು. 1958ರಲ್ಲಿ ಅಂಗೀಕೃತವಾದ ಪಿನ್‌ಯಿನ್ ಪದ್ಧತಿಯು ‘ಚ್ವಾ’ದ ಚಕಾರಕ್ಕೆ ರೋಮನ್ ಲಿಪಿಯ ‘ಕ್ಯೂ’ ಅಕ್ಷರವನ್ನು ಬಳಸುತ್ತದೆ. ಅದನ್ನು ಇಂಗ್ಲಿಷಿನಂತೆ ಓದಿದರೆ ‘ಕ್ವಾನ್‌ಝೌ’ ಎಂಬ ಅಪಪಾಠ ಹುಟ್ಟುತ್ತದೆ.

ಆದರೆ ಮಧ್ಯಯುಗದ ಜಗತ್ತು ಈ ಊರನ್ನು ಅರಿತಿದ್ದುದು ‘ಜೈತೂನ್’ ಎಂದು. ಮಾರ್ಕೊ ಪೋಲೊ ಬಳಸಿದ್ದು ಇದರದೇ ರೂಪ. ಅರಬ್ಬಿಯಲ್ಲಿ ಜೈತೂನ್ ಎಂದರೆ ಆಲಿವ್. ಹಾಗಾದರೆ ಅಲ್ಲಿ ಆಲಿವ್ ತೋಪುಗಳಿದ್ದವೇ? 14ನೆಯ ಶತಮಾನದ ಯಾತ್ರಿಕ ಇಬ್ನ್ ಬತೂತನೇ ಇದನ್ನು ಅಲ್ಲಗಳೆದಿದ್ದಾನೆ. ಈ ಊರಿನಲ್ಲಾಗಲಿ, ಚೀನಾ ಮತ್ತು ಹಿಂದೂ ದೇಶಗಳಲ್ಲಾಗಲಿ ಆಲಿವ್ ಇಲ್ಲ, ಇದು ಬರಿಯ ಹೆಸರು ಎಂಬುದು ಅವನ ಹೇಳಿಕೆಯ ಸಾರ.

ಇದರ ಮೂಲ ಬೇರೊಂದು ಮರದಲ್ಲಿದೆ. 10ನೆಯ ಶತಮಾನದಲ್ಲಿ ಲಿಯು ತ್ಸೋಂಗ್‌ಶಿಯಾವ್ ಎಂಬ ಅಧಿಪತಿ ಕೋಟೆಯನ್ನು ವಿಸ್ತರಿಸಿ, ಸುತ್ತಲೂ ‘ತ್ಸಿತುಂಗ್’ ಮರಗಳನ್ನು ನೆಡಿಸಿದನು. ‘ತ್ಸಿ’ ಎಂದರೆ ಮುಳ್ಳು. ಕೆಂಪು ಹೂ ಬಿಡುವ ಈ ಮುಳ್ಳುಮರ ನಮ್ಮ ನಾಡಿನ ಹಾಲುವಾಣವೇ. ಊರು ‘ತ್ಸಿತುಂಗ್ ನಗರ’ವೆನಿಸಿತು. ಅರಬ್ ನಾವಿಕರ ಕಿವಿಯಲ್ಲಿ ಆ ಶಬ್ದ ಅವರಿಗೆ ಪರಿಚಿತವಾದ ‘ಜೈತೂನ್’ ಆಯಿತು. ಅಲ್ಲಿನ ರೇಷ್ಮೆವಸ್ತ್ರ ‘ಜೈತೂನಿ’ ಎನಿಸಿತು. ‘ಸ್ಯಾಟಿನ್’ ಪದವನ್ನು ನಿಘಂಟುಕಾರರು ಸಾಮಾನ್ಯವಾಗಿ ಇದರಿಂದಲೇ ಸಾಧಿಸುತ್ತಾರೆ.

19ನೆಯ ಶತಮಾನದಲ್ಲಿ ಜೈತೂನ್ ಯಾವ ಊರೆಂಬ ಪ್ರಶ್ನೆ ವಿವಾದಕ್ಕೆ ಎಡೆಯಾಯಿತು. ಜಾರ್ಜ್ ಫಿಲಿಪ್ಸ್ ಮೊದಲಾದವರು ನೆರೆಯ ಜಾಂಗ್‌ಜೋ ಎಂದು ವಾದಿಸಿದರು. ಇಂದು ವಿದ್ವಾಂಸರಲ್ಲಿ ಚ್ವಾನ್‌ಜೋ ಪಕ್ಷವೇ ಬಹುಮಾನ್ಯ. ಬಹುಭಾಷಿಕರು ಕೂಡುತ್ತಿದ್ದ ಬಂದರು ಅದೆಂಬುದಕ್ಕೆ ಅಲ್ಲಿ ದೊರೆತ 1281ರ ತಮಿಳು ಶಾಸನ ಸಾಕ್ಷಿ. ಶಿವನ ಪ್ರತಿಷ್ಠೆಯನ್ನು ಹೇಳುವ ಅದರ ಕೊನೆಯಲ್ಲಿ ಚೀನೀ ಬರಹವೂ ಇದೆ.

ಆಡಳಿತ ಕೊಟ್ಟ ಹೆಸರಿನಲ್ಲಿ ಚಿಲುಮೆಯಿದೆ. ವರ್ತಕರು ಕೊಂಡೊಯ್ದ ಹೆಸರಿನಲ್ಲಿ ಆಲಿವ್ ಎಂದು ಕೇಳಿಸುವ ಹಾಲುವಾಣವಿದೆ. ಅನ್ಯಭಾಷೆಯ ಮೂಲಕ ಬಂದ ನಾಮಕ್ಕೆ ಆ ಭಾಷೆಯ ಅರ್ಥವನ್ನೇ ಹಚ್ಚುವ ಮೊದಲು, ಆ ನೆಲದಲ್ಲಿ ಏನು ಬೆಳೆಯುತ್ತಿತ್ತೆಂದು ವಿಚಾರಿಸುವುದು ಸಂಶೋಧಕರ ಪ್ರಥಮ ಕರ್ತವ್ಯ.